ದೊಡ್ಡಮ್ಮನ ಹೊಕ್ಕಳು

ಅಭಂಗ ಎನ್ನುವ ಬಾಹ್ಯಾಕಾಶ ಯುದ್ಧನೌಕೆಯ ಸೇವಾ ಚರಿತ್ರೆಯನ್ನು ನೌಕೆ ಕಟ್ಟುವ ಯಾರ್ಡಿನ ಧ್ವನಿವರ್ಧಕದಲ್ಲಿ ದಿನಾ ಎರಡು ಹೊತ್ತು ಓದುತ್ತಿದ್ದರು. ಬೆಳಗಿನ ಪಾಳಿ ಒಳಗೆ ಬರುವಾಗ ಒಂದು ಸಲ, ಸಂಜೆ ಪಾಳಿ ಹೊರಗೆ ಹೋಗುವಾಗ ಇನ್ನೊಂದು ಸಲ. ಓದಿದವಳು ಯಾರೋ, ಎಲ್ಲಿ ಕೂತು ಓದಿದ್ದಳೋ, ದನಿ ಮಾತ್ರ ಜೇನಿನಲ್ಲಿ ಅದ್ದಿ ತೆಗೆದ ಹಾಗಿತ್ತು. "ಉಂಗುರಗಳ ಕದನದಲ್ಲಿ ಶತ್ರುವನ್ನು ಹಿಮ್ಮೆಟ್ಟಿಸಿದ ಅಭಂಗ. ಮೂರು ಚಂದ್ರರ ಕದನದಲ್ಲಿ ಗಾಯಗೊಂಡೂ ಕದಲದೆ ನಿಂತ ಅಭಂಗ. ಧೂಳುಮೋಡದಲ್ಲಿ ಒಂಟಿಯಾಗಿ ದಾರಿ ಕಾಯ್ದ ಅಭಂಗ. ಕರಿಬಾಗಿಲಿನ ಕದನದಿಂದ ಎಲ್ಲರಿಗಿಂತ ಕೊನೆಯಲ್ಲಿ, ತಲೆಯೆತ್ತಿ ಹಿಂದಿರುಗಿದ ಅಭಂಗ. ಒಮ್ಮೆಯೂ ಮುರಿಯದ ಅಭಂಗ!"

'ಹಿಂದಿರುಗಿದ' ಎಂಬ ಮಾತು ಬಂದಾಗಲೆಲ್ಲ ಕಿಡಿ ಹಲ್ಲು ಕಡಿಯುತ್ತಿದ್ದ. ಕಿಡಿ ಯಾರ್ಡಿನ ವೆಲ್ಡರ್. ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಬಾಯಿ ತೆರೆದರೆ ಕಿಡಿ ಹಾರುತ್ತದೆ ಎಂದು ಜೊತೆಯವರು ಇಟ್ಟ ಹೆಸರೇ ಅಂಟಿಕೊಂಡಿತ್ತು. ಶಾಲೆ ಬಿಟ್ಟದ್ದೂ ಆ ಬಾಯಿಂದಲೇ, ಎರಡು ಸಲ ಪಾಳಿಯಿಂದ ಹೊರಗೆ ನಿಂತದ್ದೂ ಆ ಬಾಯಿಂದಲೇ. ಅಂಥವನು ಚಳಿಗಾಲ ಶುರುವಾದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದ. "ಕಿಡಿ ಆರಿಹೋಯ್ತು ಕಣ್ರೋ, ಬೂದಿ ಅಂತ ಕರೀರಿ" ಎಂದು ಕ್ಯಾಂಟೀನಿನಲ್ಲಿ ಯಾರೋ ನಗೆಯಾಡಿದಾಗಲೂ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಯಾರ್ಡಿನವರ ಬಾಯಲ್ಲಿ ಆ ನೌಕೆಯ ಚರಿತ್ರೆ ಬೇರೆಯೇ ಇತ್ತು. ಅವರು ಅದನ್ನು ಅಭಂಗ ಅನ್ನುತ್ತಲೇ ಇರಲಿಲ್ಲ, ದೊಡ್ಡಮ್ಮ ಅನ್ನುತ್ತಿದ್ದರು. ಕಟ್ಟಿ ಮುಗಿಸಿದ ದಿನವೇ ಗೊತ್ತಾಗಿತ್ತು: ಸೊಂಟ ಅಗಲ, ನಡಿಗೆ ನಿಧಾನ, ಒಂದು ಸಲ ಕೂತಳೆಂದರೆ ಏಳುವಾಗ ನಾಲ್ಕು ಜನ ಕೈ ಕೊಡಬೇಕು. ಉಂಗುರಗಳ ಕದನಕ್ಕೆ ಹೊರಟವಳ ಎಂಜಿನ್ನು ದಾರಿಯಲ್ಲೇ ಮುನಿಸಿಕೊಂಡು, ಅವಳು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಶತ್ರು ಹಿಮ್ಮೆಟ್ಟಿದ್ದು ನಿಜ, ಇವಳನ್ನು ನೋಡಿ ಅಲ್ಲ. ಮೂರು ಚಂದ್ರರ ಹತ್ತಿರ ಮಾತ್ರ ನಿಜವಾಗಿ ಏಟು ತಿಂದಳು. ಹೊಟ್ಟೆಗೆ ಬಿದ್ದ ತೂತಿನಲ್ಲಿ ಒಂದು ಲಾರಿಯನ್ನು ನುಗ್ಗಿಸಿ ತಿರುಗಿಸಬಹುದಿತ್ತು. ಹಾಗೇ ತೆವಳಿಕೊಂಡು ಯಾರ್ಡಿಗೆ ಬಂದು ಬಿದ್ದಳು.

ಆ ತೂತಿಗೆ ತೇಪೆ ಹಾಕಿದವನು ಕಿಡಿಯ ಅಣ್ಣ. ಅವನು ಎಡಗೈಯವನು, ಎಡಚ ಎಂದೇ ಎಲ್ಲರೂ ಕರೆಯುತ್ತಿದ್ದರು. ವೆಲ್ಡರನ ಬೆಸುಗೆ ಅಂದರೆ ಅವನ ಕೈಬರಹ. ಕರಗಿದ ಲೋಹ ಆರುವಾಗ ಅಲೆ ಅಲೆಯಾಗಿ ನಿಲ್ಲುತ್ತದಲ್ಲ, ಆ ಅಲೆ ಬೇರೆಯವರದ್ದು ಒಂದು ಕಡೆ ವಾಲಿದರೆ ಎಡಚನದ್ದು ಇನ್ನೊಂದು ಕಡೆ ವಾಲುತ್ತಿತ್ತು. ಬೆಸುಗೆಯ ಮೇಲೆ ಕಪ್ಪು ಕಿಟ್ಟ ಹೆಪ್ಪುಗಟ್ಟುತ್ತದೆ. ಅದನ್ನು ಚೂಪು ಸುತ್ತಿಗೆಯಲ್ಲಿ ತಟ್ಟಿ ಉದುರಿಸಲು ಹಿಂದೆ ಒಬ್ಬರು ಬೇಕು. ಎಡಚನ ಹಿಂದೆ ಇದ್ದವಳು ಅತ್ತಿಗೆ. ಮದುವೆಗೆ ಮೊದಲೂ ಅವಳೇ, ಆಮೇಲೂ ಅವಳೇ. "ನಿಮ್ಮಣ್ಣ ಮುಂದೆ ಗಲೀಜು ಮಾಡ್ಕೊಂಡು ಹೋಗ್ತಾನೆ, ನಾನು ಹಿಂದೆ ಬಳ್ಕೊಂಡು ಬರ್ತೀನಿ. ಸಂಸಾರ ಅಂದ್ರೆ ಇಷ್ಟೇ ಕಣೋ" ಎಂದು ಕಿಡಿಗೆ ಹೇಳಿ ನಗುತ್ತಿದ್ದಳು.

ಆ ತೇಪೆಯ ಕೊನೆಯ ಮೂಲೆ ಬೆಸೆಯುವಾಗ ಕಿಡಿ ಕೆಳಗೆ ಕೇಬಲ್ ಹಿಡಿದು ನಿಂತಿದ್ದ. ಅಣ್ಣ ಮುಖವಾಡದೊಳಗೆ ಉಸಿರು ಬಿಗಿಹಿಡಿದು ಬೆಸುಗೆಯ ಕಡ್ಡಿ ಎಳೆಯುತ್ತಿದ್ದಾಗ ಅತ್ತಿಗೆ, "ಹೊಟ್ಟೆಗೆ ಹೊಲಿಗೆ ಹಾಕ್ತಿದೀಯಲ್ಲ, ಒಳಗೆ ಕತ್ತರಿ ಮರ್ತಿಲ್ಲ ತಾನೆ ಡಾಕ್ಟ್ರೇ?" ಅಂದುಬಿಟ್ಟಳು. ಎಡಚ ಗೊಳ್ಳೆಂದು ನಕ್ಕ. ಕೈ ಹಾರಿತು. ನೇರ ಬರುತ್ತಿದ್ದ ಬೆಸುಗೆ ಒಂದು ಕಡೆ ಗಂಟು ಕಟ್ಟಿ ಪಕ್ಕಕ್ಕೆ ಜಿಗಿಯಿತು. ಮೇಸ್ತ್ರಿ ಬಂದು ನೋಡಿ, "ಏನೋ ಇದು, ಉಜ್ಜಿ ತೆಗೆದು ಮತ್ತೆ ಹಾಕು" ಎಂದು ಗದರಿದರು.

"ಇರ್ಲಿ ಬಿಡಿ ಮೇಸ್ತ್ರಿ. ಹೊಕ್ಕಳಿಲ್ಲದ ಹೊಟ್ಟೆ ಎಲ್ಲಾದ್ರೂ ಉಂಟಾ?" ಅಂದ ಎಡಚ.

ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. ಗಂಟು ಹಾಗೇ ಉಳಿಯಿತು. ಯಾರ್ಡಿನಲ್ಲಿ ಕೆಲವು ದಿನ ಎಲ್ಲರಿಗೂ ಅದೇ ಮಾತು, ದೊಡ್ಡಮ್ಮನಿಗೆ ಹೊಕ್ಕಳು ಬಂತಂತೆ ಅಂತ. ಅಷ್ಟು ಚೆನ್ನಾಗಿ ಹೊಲಿದವನು ಜೊತೆಗಿದ್ದರೆ ಒಳ್ಳೆಯದೆಂದು ನೌಕಾಪಡೆಯವರಿಗೂ ಅನ್ನಿಸಿತು. ದೊಡ್ಡಮ್ಮ ಮತ್ತೆ ಹೊರಟಾಗ ಎಡಚನನ್ನೂ ಎತ್ತಿಕೊಂಡೇ ಹೋದಳು.

ಆಮೇಲೆ ಯುದ್ಧ ಬಿಗಿಯಾಯಿತು. ನೌಕೆಗಳಿಂದ ಕಾಗದ, ಮಾತು, ಎಲ್ಲ ನಿಂತುಹೋಯಿತು. ಶತ್ರು ಕದ್ದು ಕೇಳುತ್ತಾನಂತೆ. ಹೆಂಡಂದಿರಿಗೆ, ತಾಯಂದಿರಿಗೆ ಉಳಿದದ್ದು ಆ ಧ್ವನಿವರ್ಧಕ ಒಂದೇ. ಅದರಲ್ಲಿ ನೌಕೆಯ ಹೆಸರು ಬರುತ್ತಿರುವವರೆಗೆ ಅದರೊಳಗಿನವರು ಬದುಕಿದ್ದಾರೆ, ಅಷ್ಟೇ ಲೆಕ್ಕ. ಅತ್ತಿಗೆ ದಿನಾ ಗೇಟಿನ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡೇ ಒಳಗೆ ಬರುತ್ತಿದ್ದಳು. ಗೋಡೆಯ ಮೊಳೆಯಲ್ಲಿ ಗಂಡನ ಅಂಗಿ ತೂಗುಹಾಕಿದ್ದಳು. ಧೂಳು ಕೂತಂತೆಲ್ಲ ಒಗೆದು, ಒಣಗಿಸಿ, ಮತ್ತೆ ಅದೇ ಮೊಳೆಗೆ.

ಚಳಿ ಬಿದ್ದ ಹೊಸದರಲ್ಲಿ ಮೇಸ್ತ್ರಿ ಕಿಡಿಯನ್ನೂ ಇನ್ನು ಕೆಲವು ವೆಲ್ಡರುಗಳನ್ನೂ ಹಿಂದಿನ ಮುಚ್ಚಿದ ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಅರ್ಧ ಕಟ್ಟಿದ ನೌಕೆಯೊಂದು ನಿಂತಿತ್ತು. ಅದೇ ಅಗಲ ಸೊಂಟ.

"ದೊಡ್ಡಮ್ಮ ಹೋದ್ಲು ಕಣ್ರೋ" ಅಂದರು ಮೇಸ್ತ್ರಿ.

"ಎಲ್ಲಿಗೆ?" ಅಂದ ಕಿಡಿ.

"ಎಲ್ಲಿಗೆ ಅಂತ ಕೇಳ್ತೀಯಲ್ಲೋ. ಕರಿಬಾಗಿಲ ಹತ್ರ. ಎರಡು ತುಂಡಂತೆ."

"ಒಳಗಿದ್ದೋರು?"

ಮೇಸ್ತ್ರಿ ಟೋಪಿ ತೆಗೆದು ಅದರೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ನೋಡಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಬಿಳಿ ಕೈಗವುಸು ಹಾಕಿದ ಸಾಹೇಬನೊಬ್ಬ ಮುಂದೆ ಬಂದ. ನೌಕಾಪಡೆಯವನು, ನೋಡಲು ಸಭ್ಯಸ್ಥ. "ಅಭಂಗ ಮುರಿದಿಲ್ಲ" ಅಂದ. "ಅದು ಮುರಿಯೋ ಹಾಗೂ ಇಲ್ಲ. ಜನಕ್ಕೆ ಧೈರ್ಯ ಬೇಕು. ಇದೇ ಅಭಂಗ. ಹಳೇ ಗಾಯ, ಹಳೇ ತೇಪೆ, ಎಲ್ಲ ಹಾಗಾಗೇ ಬರಬೇಕು. ನಿಮ್ಮ ಮನೆಯವರೆಲ್ಲ ಯಾರ್ಡಿನ ಕ್ವಾರ್ಟರ್ಸಲ್ಲೇ ಇದಾರಲ್ವಾ?" ಎಂದು ಕೊನೆಗೆ ನಗುತ್ತಾ ಕೇಳಿದ. ಅವನಿಗೆ ಉತ್ತರ ಬೇಕಾಗಿರಲಿಲ್ಲ.

ಕಿಡಿಗೆ ಆ ಮುಖಕ್ಕೆ ಸುತ್ತಿಗೆ ಬೀಸಬೇಕು ಅನ್ನಿಸಿತು. ಕೈ ಸುತ್ತಿಗೆಯ ಮೇಲೆ ಹೋಗಿಯೂ ಇತ್ತು. ಆದರೆ ಕ್ವಾರ್ಟರ್ಸಿನ ಕೋಣೆ ನೆನಪಾಯಿತು, ಮೊಳೆಯಲ್ಲಿನ ಅಂಗಿ ನೆನಪಾಯಿತು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವರು ಅಣ್ಣ ಅತ್ತಿಗೆ. ಇದನ್ನು ಅವಳಿಗೆ ಹೇಳುವುದಾದರೂ ಹೇಗೆ? ಇವತ್ತು ಬೇಡ, ನಾಳೆ ಹೇಳೋಣ. ಹಾಗೆ ಅಂದುಕೊಂಡವನು ದಿನಾ ಅವಳ ಕೈಯಡುಗೆ ಉಂಡು, ದಿನಾ ನಾಳೆಗೆ ತಳ್ಳುತ್ತಾ ಬಂದ.

ಹೊಟ್ಟೆಯ ತೇಪೆಯ ಕೆಲಸವನ್ನು ತಾನೇ ಕೇಳಿ ಇಸಿದುಕೊಂಡ. "ಒಂದು ತಗಡು ಅಂಟಿಸಿ ಬಣ್ಣ ಬಳಿ, ದೂರದಿಂದ ನೋಡೋರಿಗೆ ಅಷ್ಟು ಸಾಕು" ಎಂದರು ಮೇಸ್ತ್ರಿ. ಅಷ್ಟರಲ್ಲೇ ಕೈ ತೊಳೆದುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಿಡಿ ಬಲಗೈಯವನು. ಕಸದ ತಗಡುಗಳನ್ನು ತಂದು ಮೂಲೆಯಲ್ಲಿ ರಾಶಿ ಹಾಕಿ, ಎಡಗೈಯಲ್ಲಿ ಬೆಸೆಯುವುದನ್ನು ಕಲಿಯತೊಡಗಿದ. ಮೊದಮೊದಲು ಕೋಳಿ ಕೆರೆದ ಹಾಗೆ ಬರುತ್ತಿತ್ತು. ಕೈ ಸುಟ್ಟುಕೊಂಡ, ಕಡ್ಡಿ ಮುರಿದ, ಅಣ್ಣನನ್ನು ಬಾಯಿಗೆ ಬಂದಂತೆ ಬೈದ, ಮುಖವಾಡದೊಳಗೆ ಅತ್ತ. ಅಳುವುದಕ್ಕೆ ಅವನಿಗೆ ಬೇರೆ ಜಾಗವೂ ಇರಲಿಲ್ಲ. ಅಣ್ಣನ ಹೆಣ ಇಲ್ಲ, ಅಣ್ಣ ಸತ್ತ ಎಂದು ಹೊರಗೆ ಹೇಳುವ ಹಾಗೂ ಇಲ್ಲ. ಇದ್ದದ್ದು ಅಣ್ಣನ ಕೈ ಹೇಗೆ ಓಡುತ್ತಿತ್ತು ಎನ್ನುವ ನೆನಪು ಮಾತ್ರ. ಕೊನೆಗೊಂದು ದಿನ ಅಲೆಗಳು ಆ ಕಡೆಗೆ ವಾಲಿದವು. ಆಗ ತೇಪೆ ಹಾಕಿದ. ಕೊನೆಯ ಮೂಲೆಗೆ ಬಂದಾಗ ಮನಸ್ಸಿನಲ್ಲೇ ಅತ್ತಿಗೆಯ ಮಾತು ಹೇಳಿಕೊಂಡು, ಕೈ ಹಾರಿಸಿ, ಆ ಗಂಟನ್ನೂ ಕಟ್ಟಿದ. ಮುಖವಾಡ ತೆಗೆದು ನೋಡಿದರೆ, ಅಣ್ಣನೇ ಬಂದು ಹಾಕಿ ಹೋದ ಹಾಗಿತ್ತು.

ಮೇಸ್ತ್ರಿ ಅದನ್ನು ಬಹಳ ಹೊತ್ತು ನೋಡಿದರು. "ಯಾಕೋ ಹೀಗ್ ಮಾಡ್ದೆ?" ಎಂದಷ್ಟೇ ಕೇಳಿ, ಪ್ರೈಮರ್ ಬಳಿಯುವವರನ್ನು ಕರೆದರು.

ಪ್ರೈಮರ್ ಅಂದರೆ ಮೇಲಿನ ಬಣ್ಣಕ್ಕೆ ಮೊದಲು ಬಳಿಯುವ ಅಡಿಬಣ್ಣ. ಯಾರ್ಡಿನಲ್ಲಿ ಮೊದಲಿನಿಂದಲೂ ಇದ್ದದ್ದು ಕೆಂಪು. ಅದನ್ನು ಮಾಡುವ ಕಾರ್ಖಾನೆಗೆ ಬಾಂಬು ಬಿದ್ದ ಮೇಲೆ, ಆ ಚಳಿಗಾಲದಿಂದ ಹಸಿರು ಬರತೊಡಗಿತ್ತು. ಪಾಚಿಯಂಥ ಹಾಳು ಹಸಿರು. ಕೈಗೆ ಹತ್ತಿದರೆ ಸೋಪಿಗೂ ಬಗ್ಗುತ್ತಿರಲಿಲ್ಲ. ಬೇರೆ ನೌಕೆಗಳಿಗೆ ಅದನ್ನು ಬಳಿಯುತ್ತಿದ್ದ ಯಾರ್ಡಿನ ಎಲ್ಲ ಹೆಂಗಸರ ಉಗುರಿನ ಸಂದಿಯಲ್ಲೂ ಅದೇ. ಹೊಸ ಅಭಂಗಕ್ಕೂ ಅದನ್ನೇ ಬಳಿದು, ಮೇಲೆ ಹಳೆಯ ಬೂದುಬಣ್ಣ ಹೊಡೆದು, ಅಲ್ಲಲ್ಲಿ ಮಸಿ ಉಜ್ಜಿ ಹಳತು ಮಾಡಿದರು.

ಎಷ್ಟು ಮುಚ್ಚಿದರೂ ಮಾತು ಹೇಗೋ ಹೊರಗೆ ಜಿನುಗುತ್ತದೆ. ದೊಡ್ಡಮ್ಮ ಒಡೆದುಹೋದಳಂತೆ ಎಂದು ಕ್ವಾರ್ಟರ್ಸಿನಲ್ಲಿ ಗುಸುಗುಸು ಎದ್ದಿತು. ಅತ್ತಿಗೆ ಉಣ್ಣುವುದನ್ನು ಬಿಟ್ಟಳು. ಇನ್ನೇನು, ಅವಳಿಗೇ ಗೊತ್ತಾಗುತ್ತಿದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದು ಕಿಡಿ ಒಳಗೊಳಗೇ ಉಸಿರು ಬಿಟ್ಟ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅಭಂಗ 'ಹಿಂದಿರುಗಿತು'. ಹಿಂದಿನ ಶೆಡ್ಡಿನಿಂದ ಕತ್ತಲಲ್ಲಿ ಎಳೆದು ತಂದು ದೊಡ್ಡ ಕಟ್ಟೆಯ ಮೇಲೆ ಕೂರಿಸಿ, ಜನ ನೋಡಲಿ ಎಂದು ಗೇಟು ತೆರೆದರು. ಒಳಗಿದ್ದವರು ಮಾತ್ರ ಇಳಿಯುವ ಹಾಗಿಲ್ಲ, ಹೊರಗಿನ ಗಾಳಿಯಲ್ಲಿ ಸೋಂಕು ಇದೆ ಎಂದರು. ದಪ್ಪ ಗಾಜಿನ ಕಿಟಕಿಗಳಲ್ಲಿ ಹೆಲ್ಮೆಟ್ಟು ತೊಟ್ಟವರು ನಿಂತು ಕೈ ಬೀಸುತ್ತಿದ್ದರು. ಒಂದೇ ಕೈಯನ್ನು ನೋಡಿ ಮೂವರು ತಾಯಂದಿರು "ಅಗೋ ನಮ್ಮೋನು" ಎಂದು ಅಳುತ್ತಿದ್ದರು.

ಅತ್ತಿಗೆ ಕಿಟಕಿಯ ಕಡೆ ನೋಡಲೇ ಇಲ್ಲ. ಹಗ್ಗ ದಾಟಿ ನೇರ ಹೊಟ್ಟೆಯ ಕೆಳಗೆ ನುಗ್ಗಿದಳು. ಕಾವಲಿನವನು ಕೂಗುತ್ತಲೇ ಇದ್ದ. ಇವಳು ಯಾವುದೋ ಡಬ್ಬದ ಮೇಲೆ ಹತ್ತಿ ನಿಂತು, ಬಣ್ಣದ ಮೇಲೆ ಬೆರಳಾಡಿಸುತ್ತಾ ಬೆಸುಗೆಯ ಗುಂಟ ಹೋದಳು. ಕಿಡಿ ಕ್ರೇನಿನ ಬುಡದಲ್ಲಿ ನಿಂತು ನೋಡುತ್ತಿದ್ದ. ಮೂಲೆಗೆ ಬಂದ ಬೆರಳು ಗಂಟಿನ ಮೇಲೆ ನಿಂತಿತು. ಅಲ್ಲೇ ಒಂದು ಸುತ್ತು ಸುತ್ತಿತು.

"ಇದೇ ಕಣ್ರೇ!" ಎಂದು ಕಿರುಚಿದಳು ಅತ್ತಿಗೆ. "ಹೊಕ್ಕಳಿದೆ! ನಮ್ಮ ದೊಡ್ಡಮ್ಮನೇ! ಅವನದೇ ಕೈ, ನಾನೇ ಕಿಟ್ಟ ಉದುರಿಸಿದ್ದು! ಒಡೆದೋದ್ಲು ಅಂದವರ ಬಾಯಿಗೆ ಇಷ್ಟು ಕಿಟ್ಟ ಹಾಕ!"

ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕ್ಯಾಂಟೀನಿನಲ್ಲಿ ಬಡಿಸುವಾಕೆಯ ಒಬ್ಬನೇ ಮಗ ಆ ನೌಕೆಯಲ್ಲಿದ್ದ. ಅವಳು ಅತ್ತಿಗೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಗುಸುಗುಸು ಆ ಕ್ಷಣಕ್ಕೇ ಸತ್ತಿತು. ಬಿಳಿ ಕೈಗವುಸಿನ ಸಾಹೇಬ ದೂರದಿಂದ ಕಿಡಿಯ ಕಡೆ ನೋಡಿ ತಲೆ ಆಡಿಸಿದ, ಭೇಷ್, ಮುಂದಿನದಕ್ಕೂ ನೀನೇ ಎನ್ನುವ ಹಾಗೆ.

ಅವತ್ತು ಸಂಜೆ ಅತ್ತಿಗೆ ಒಲೆಯ ಮುಂದೆ ಹಾಡು ಗುನುಗುತ್ತಿದ್ದಳು. ಮೊಳೆಯಲ್ಲಿದ್ದ ಅಂಗಿ ಕೆಳಗಿಳಿದು, ಮಡಿಚಿಕೊಂಡು, ಒಂದು ಚೀಲದೊಳಗೆ ಹೋಗಿತ್ತು. ಅವಳ ಸುತ್ತಿಗೆಯೂ ಅದರಲ್ಲೇ ಇತ್ತು.

"ಇದೇನು ಅತ್ತಿಗೆ ಚೀಲ?"

"ಹೆಸರು ಕೊಟ್ಟು ಬಂದೆ ಕಣೋ. ಹಡಗಲ್ಲಿ ಕಿಟ್ಟ ಉದುರಿಸೋರು ಬೇಕಂತೆ. ಅವರು ಇಳಿಯೋ ಹಾಗಿಲ್ಲ, ಆದ್ರೆ ಹತ್ತೋರಿಗೆ ಯಾರೂ ಬೇಡ ಅನ್ನಲ್ಲ. ನಾಡಿದ್ದು ಹೊರಡತ್ತೆ."

ಕಿಡಿ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ. "ಹೋಗ್ಬೇಡಿ."

"ಯಾಕೆ? ನಿಂಗೆ ಅಡುಗೆ ಮಾಡೋರು ಯಾರು ಅಂತಾನಾ? ಇಷ್ಟು ಎತ್ತರ ಬೆಳ್ದಿದೀಯ, ಬೇಯಿಸ್ಕೊ."

"ಅದಲ್ಲ. ಯುದ್ಧ ಅತ್ತಿಗೆ ಅದು. ಸಾಯ್ತೀರ."

"ದೊಡ್ಡಮ್ಮ ಮುರಿಯಲ್ಲ ಕಣೋ, ದಿನಾ ಎರಡೊತ್ತು ಕೂಗ್ತಾರೆ ಕೇಳ್ಸಲ್ವಾ?" ಎಂದು ನಕ್ಕು, ಇನ್ನಷ್ಟು ಬಡಿಸಿದಳು. "ಮುಖ ಯಾಕೆ ಹಾಗೆ? ನಿಮ್ಮಣ್ಣಂಗೆ ಏನಾದ್ರೂ ಹೇಳ್ಬೇಕಾ, ಹೇಳು. ತಲುಪಿಸ್ತೀನಿ."

ಇಷ್ಟು ದಿನ ಆದ ಮೇಲೆ ಅವಳ ಮುಖ ಇವತ್ತು ಬೆಳಗಿತ್ತು. ಅದನ್ನು ಬೆಳಗಿಸಿದ್ದು ತನ್ನ ಕೈ. ಈಗ ಆ ಕೈಯೇ ಅವಳನ್ನು ಹಡಗು ಹತ್ತಿಸುತ್ತಿದೆ. ಕಿಡಿ ತಟ್ಟೆ ಬಿಟ್ಟು ಎದ್ದುಹೋದ.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅತ್ತಿಗೆಯನ್ನು ವೆಲ್ಡಿಂಗ್ ಶೆಡ್ಡಿಗೆ ಕರೆದ. "ಏನೋ ತೋರಿಸ್ಬೇಕು" ಅಂದ. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಬೆಂಚಿನ ಮೇಲೆ ಎರಡು ಕಸದ ತಗಡು ಜೋಡಿಸಿದ್ದ. ಒಂದು ಮುಖವಾಡ ಅವಳ ಕೈಗೆ ಕೊಟ್ಟು, ತಾನೊಂದು ಹಾಕಿಕೊಂಡ. ಕಡ್ಡಿ ಸಿಕ್ಕಿಸಿದ ಹೋಲ್ಡರನ್ನು ಎಡಗೈಗೆ ತೆಗೆದುಕೊಂಡ.

ಬೆಳಕು ಚಟಚಟನೆ ಹೊತ್ತಿತು. ಅವನು ಅವಸರ ಮಾಡಲಿಲ್ಲ. ಕೊನೆಯಲ್ಲಿ ಕೈ ಹಾರಿಸಿದ, ಗಂಟು ಕಟ್ಟಿದ, ನಿಲ್ಲಿಸಿದ. ಶೆಡ್ಡಿನಲ್ಲಿ ಸುಟ್ಟ ವಾಸನೆ ತುಂಬಿತು.

ಅತ್ತಿಗೆ ಅಭ್ಯಾಸಬಲದಿಂದ ಅಲ್ಲಿದ್ದ ಸುತ್ತಿಗೆ ತೆಗೆದು ಕಿಟ್ಟ ತಟ್ಟಿದಳು. ಕಪ್ಪು ಚಕ್ಕೆ ಹಾರಿತು. ಕೆಳಗಿನ ಅಲೆ ಕಂಡಿತು. ಸುತ್ತಿಗೆ ನಿಂತಿತು.

"ಅವನ ಹತ್ರ ಕಲ್ತಿದೀಯ" ಅಂದಳು ಕೊನೆಗೆ. "ಚೆನ್ನಾಗಿ ಬಂದಿದೆ. ಅದಕ್ಕೇನೀಗ?"

"ಅಣ್ಣ ಇದ್ದಾಗ ನಾನ್ಯಾವತ್ತು ಎಡಗೈಲಿ ಹಿಡಿದಿದ್ದೆ, ನೀವೇ ಹೇಳಿ. ಹಿಂದಿನ ಶೆಡ್ಡಲ್ಲಿ ಕಲ್ತೆ. ಆ ತೇಪೆ ನಾನು ಹಾಕಿದ್ದು. ಆ ಹೊಕ್ಕಳು ನಾನು ಕಟ್ಟಿದ್ದು. ಅದು ದೊಡ್ಡಮ್ಮ ಅಲ್ಲ ಅತ್ತಿಗೆ. ದೊಡ್ಡಮ್ಮ ಕರಿಬಾಗಿಲ ಹತ್ರ ಎರಡು ತುಂಡಾದ್ಲು. ಒಳಗಿದ್ದ ಒಬ್ರೂ..."

"ಮುಚ್ಚು ಬಾಯಿ."

"ಒಬ್ರೂ ಉಳಿದಿಲ್ಲ."

"ಬಾಯಿ ಮುಚ್ಚೋ ಅಂದೆ!" ಸುತ್ತಿಗೆ ಅವನ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಅವಳು ಏದುಸಿರು ಬಿಡುತ್ತಿದ್ದಳು. "ನಾನು ಹೋಗ್ಬಾರದು ಅಂತ ಹೇಳ್ತಿದೀಯ. ಕತೆ ಕಟ್ತಿದೀಯ. ನನ್ನ ಬೆರಳಿಗೆ ಗೊತ್ತಾಗಲ್ವಾ ಅವನ ಕೈ?"

ಕಿಡಿ ಅಷ್ಟು ಚೆನ್ನಾಗಿ ಮಾಡಿದ್ದ ಹಾಳಾದವನು, ತಾನೇ ಮಾಡಿದ್ದೆಂದರೂ ನಂಬುವವರಿಲ್ಲ. ತನ್ನ ಕೈಯನ್ನೇ ಬೆಂಚಿಗೆ ಬಡಿದುಕೊಂಡ. ಆಗ ನೆನಪಾಯಿತು.

"ಹಸಿರು" ಅಂದ. "ಅದರ ಕೆಳಗೆ ಹಸಿರು ಪ್ರೈಮರ್ ಇದೆ. ಅಣ್ಣ ಹಾಕಿದ ತೇಪೆಗೆ ಕೆಂಪು ಬಳಿದಿದ್ರಲ್ಲ, ನೀವೇ ನೋಡಿದೀರಲ್ಲ. ಆವಾಗ ಹಸಿರು ಎಲ್ಲಿತ್ತು?"

ಅತ್ತಿಗೆ ತನ್ನ ಉಗುರುಗಳನ್ನು ನೋಡಿಕೊಂಡಳು.

"ಯಾವಾಗಿಂದ ಗೊತ್ತು ನಿಂಗೆ?"

"ಚಳಿ ಶುರುವಾದಾಗಿಂದ."

"ಅಷ್ಟು ದಿನ ನನ್ನ ಕೈಲಿ ಉಂಡೆ. ಆ ಅಂಗಿ ಒಗೆಯೋದನ್ನ ನೋಡ್ತಾ ಕೂತು ಉಂಡೆ."

ಗೋಡೆಯ ಬುಡದಲ್ಲಿ ಬಿದ್ದಿದ್ದ ಸುತ್ತಿಗೆಯನ್ನು ಅವನು ಎತ್ತಿ ಬೆಂಚಿನ ಮೇಲಿಟ್ಟ.

"ನಾಳೆ ನನ್ನ ಕಣ್ಣಾರೆ ನೋಡ್ತೀನಿ" ಅಂದಳು. "ಕೆಂಪು ಬಂದ್ರೆ ಹಡಗು ಹತ್ತಿ ಹೋಗ್ತೀನಿ, ನಿನ್ನ ಮುಖ ನೋಡಲ್ಲ. ಹಸಿರು ಬಂದ್ರೂ ನಿನ್ನ ಮುಖ ನೋಡಲ್ಲ."

ಹೊರಡುವ ದಿನ ಬೆಳಿಗ್ಗೆ ಮೋಡ ತಲೆಯ ಮೇಲೇ ಇಳಿದಂತಿತ್ತು. ಕಟ್ಟೆಯ ಸುತ್ತ ಜನ. ಬೇಗ ಬಂದವರು ಕಿಟಕಿಗೆ ಎದುರಾಗಿ ಜಾಗ ಹಿಡಿದಿದ್ದರು. ಕ್ಯಾಂಟೀನಿನಾಕೆ ಕೈ ಬೀಸಿ ಬೀಸಿ ಸೋತು, ಕೈ ಬದಲಿಸಿ ಬೀಸುತ್ತಿದ್ದಳು. ಅತ್ತಿಗೆಯ ಕೊರಳಲ್ಲಿ ಹಡಗಿಗೆ ಸೇರಿದವರ ಪಾಸು ತೂಗುತ್ತಿತ್ತು, ಹಗ್ಗ ದಾಟಲು ಯಾರೂ ತಡೆಯಲಿಲ್ಲ. ಹೆಗಲಲ್ಲಿ ಚೀಲ ಇತ್ತು. ನಿಜವಾಗಿ ಹೊರಟವಳ ಹಾಗೇ ಬಂದಿದ್ದಳು.

ನೇರ ಮೇಸ್ತ್ರಿಯ ಮುಂದೆ ಹೋಗಿ, "ಗ್ರೈಂಡರ್ ಬೇಕು ಮೇಸ್ತ್ರಿ" ಅಂದಳು.

"ಈಗ್ಯಾಕಮ್ಮ?"

"ಹೊಟ್ಟೆ ತೇಪೇಲಿ ಸ್ವಲ್ಪ ಕಿಟ್ಟ ಉಳ್ಕೊಂಡಿದೆ. ಹೋಗೋ ಮುಂಚೆ ಕ್ಲೀನ್ ಮಾಡ್ತೀನಿ."

ಮೇಸ್ತ್ರಿ ಅವಳ ಹಿಂದೆ ನಿಂತಿದ್ದ ಕಿಡಿಯನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಬೇಡ ಅನ್ನಬಹುದಿತ್ತು. ಟೋಪಿ ತೆಗೆದರು, ಒಳಗೆ ನೋಡಿದರು, ಹಾಕಿಕೊಂಡರು. ಆಮೇಲೆ ತಾವೇ ಲೋಹ ಉಜ್ಜುವ ಚಕ್ರದ ಗ್ರೈಂಡರ್ ತಂದು, ತಾವೇ ವೈರನ್ನು ಪ್ಲಗ್ಗಿಗೆ ಚುಚ್ಚಿ, ಹಿಂದಿರುಗಿ ನೋಡದೆ ಹೊರಟುಹೋದರು.

ಕಿಡಿ ಏಣಿ ತಂದು ಹೊಟ್ಟೆಗೆ ಆನಿಸಿ ಹಿಡಿದ. ಅತ್ತಿಗೆ ಅವನತ್ತ ನೋಡದೆ ಹತ್ತಿದಳು. ಧ್ವನಿವರ್ಧಕ ಚರಿತ್ರೆ ಶುರುಮಾಡಿತ್ತು. ಗ್ರೈಂಡರ್ ಚೀರಿದಾಗ ಉಂಗುರಗಳ ಕದನ ಅದರಲ್ಲಿ ಮುಳುಗಿತು.

ಅವಳು ಗಂಟನ್ನು ಮುಟ್ಟಲಿಲ್ಲ. ಅದರಿಂದ ಒಂದು ಗೇಣು ದೂರದಲ್ಲಿ ಚಕ್ರ ಇಟ್ಟಳು. ಬೂದುಬಣ್ಣ ಹಿಟ್ಟಿನ ಹಾಗೆ ಉದುರಿ ಕಿಡಿಯ ತಲೆಯ ಮೇಲೆ, ರೆಪ್ಪೆಯ ಮೇಲೆ ಬಿತ್ತು. ಅವನಿಗೆ ಕೆಳಗೆ ಏನಿದೆಯೆಂದು ಗೊತ್ತು, ಬಳಿಯುವಾಗ ಪಕ್ಕದಲ್ಲೇ ನಿಂತಿದ್ದ. ಆದರೂ ಮನಸ್ಸು, ಕೆಂಪು ಬರಲಿ, ಹೇಗಾದರೂ ಕೆಂಪು ಬರಲಿ, ನಾನೇ ಸುಳ್ಳಾಗಲಿ ಎನ್ನುತ್ತಿತ್ತು.

ಗ್ರೈಂಡರ್ ನಿಂತಿತು. ಅತ್ತಿಗೆ ಅಂಗೈಯಿಂದ ಒರೆಸಿದಳು. ಕೊಳೆ ಇರಬೇಕು ಎಂದು ಸೆರಗು ತೆಗೆದುಕೊಂಡು ಇನ್ನೊಮ್ಮೆ ಒರೆಸಿದಳು. ಪಾಚಿಯಂಥ ಹಾಳು ಹಸಿರು.

ಚಕ್ರವನ್ನು ಇನ್ನೊಂದು ಕಡೆ ಇಟ್ಟಳು. ಅಲ್ಲೂ ಹಸಿರು. ತೇಪೆ ಬಿಟ್ಟು ಆಚೆಯ ತಗಡಿನ ಮೇಲೆ, ದೊಡ್ಡಮ್ಮ ಹುಟ್ಟಿದಾಗಿನಿಂದ ಇರಬೇಕಾದ ತಗಡಿನ ಮೇಲೆ ಇಟ್ಟಳು. ಅಲ್ಲೂ ಅದೇ. ಅದರ ಕೆಳಗಿನ ಲೋಹ ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಏನೇ ಅದು?" ಎಂದು ಹಗ್ಗದಾಚೆಯಿಂದ ಕ್ಯಾಂಟೀನಿನಾಕೆ ಕೂಗಿದಳು. ಅವಳ ಒಂದು ಕೈ ಇನ್ನೂ ಕಿಟಕಿಯ ಕಡೆ ಬೀಸುತ್ತಲೇ ಇತ್ತು. ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿ, ಆ ಕೈಯನ್ನು ಕೆಳಗಿಳಿಸಿ, ತನ್ನ ಉಗುರುಗಳನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಪಕ್ಕದವಳು ಅವಳನ್ನು ನೋಡಿದಳು, ಅವಳ ಪಕ್ಕದವಳು ಹೊಟ್ಟೆಯ ಕಡೆ ನೋಡಿದಳು. ಯಾರ್ಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೊಂದಾಗಿ ಕೈಗಳು ಇಳಿದವು. ಗಾಜಿನ ಹಿಂದಿನ ಹೆಲ್ಮೆಟ್ಟಿನವರು ಮಾತ್ರ, ಯಾರೂ ನೋಡದ ಮೇಲೂ, ಬೀಸುತ್ತಲೇ ಇದ್ದರು. ಅವರೂ ಯಾರದೋ ಮಕ್ಕಳೇ, ಎಲ್ಲಿಯವರೋ ಪಾಪ.

"ಏಯ್! ಯಾರದು? ಇಳಿಯಮ್ಮಾ ಕೆಳಗೆ!" ಬಿಳಿ ಕೈಗವುಸಿನ ಸಾಹೇಬ ಜನರನ್ನು ತಳ್ಳಿಕೊಂಡು ಬರುತ್ತಿದ್ದ. ಅವನ ಹಿಂದೆ ಕಾವಲಿನವರು. "ಯಾರೋ ಅವಳನ್ನ ಹತ್ತಿಸಿದ್ದು?"

ಚಳಿಗಾಲದಿಂದ ಹಾಕಿದ್ದ ಬೀಗ ಕಿಡಿಯ ಬಾಯಿಂದ ಕಳಚಿ ಬಿತ್ತು.

"ನಾನು!" ಎಂದು ಕೂಗಿದ. ಧ್ವನಿವರ್ಧಕವನ್ನೂ ಮೀರಿ ಕೂಗಿದ. "ಈ ತೇಪೆ ಹಾಕಿದ್ದೂ ನಾನು! ಎಡಗೈಲಿ ಹಾಕಿದ್ದು! ನಮ್ಮಣ್ಣ ಸತ್ತ, ಎಲ್ಲರೂ ಸತ್ರು, ದೊಡ್ಡಮ್ಮ ಸತ್ತು ಚಳಿಗಾಲ ಕಳೀತು! ಹಿಂದಿನ ಶೆಡ್ಡಲ್ಲಿ ಇದರ ತಂಗಿ ತಯಾರಾಗ್ತಿದಾಳೆ, ಹೋಗಿ ನೋಡ್ರಿ! ಇದೂ ಒಡೆದ ಮೇಲೆ ಅದಕ್ಕೂ ಹೊಕ್ಕಳು ಬೇಕಂತೆ ಇವನಿಗೆ!"

ಅಷ್ಟು ಜನ ಇದ್ದರೂ ಧ್ವನಿವರ್ಧಕದ ಜೇನುದನಿ ಒಂದೇ ಕೇಳುತ್ತಿತ್ತು, ಕರಿಬಾಗಿಲಿನಿಂದ ತಲೆಯೆತ್ತಿ ಹಿಂದಿರುಗಿದ ಅಭಂಗ. ಕಾವಲಿನವರ ಬೂಟುಗಳು ಸಿಮೆಂಟಿನ ಮೇಲೆ ಹತ್ತಿರವಾದವು. ಓಡಬಹುದಿತ್ತು. ಏಣಿ ಬಿಟ್ಟರೆ ಅತ್ತಿಗೆ ಬೀಳುತ್ತಾಳೆ.

ಮೇಲಿನಿಂದ ಚೀಲ ಅವನ ಕಾಲ ಬಳಿ ಧೊಪ್ಪೆಂದು ಬಿತ್ತು. ಅದರ ಬಾಯಿಂದ ಅಂಗಿಯ ತೋಳು ಹೊರಗೆ ಇಣುಕಿತು.

"ಗಟ್ಟಿಯಾಗಿ ಹಿಡ್ಕೋ" ಅಂದಳು ಅತ್ತಿಗೆ, ಕೆಳಗೆ ನೋಡದೆ.

ಕಿಡಿ ಹಿಡಿದುಕೊಂಡ. ಗ್ರೈಂಡರ್ ಮತ್ತೆ ಚೀರಿತು. ಈ ಸಲ ಅವಳು ಚಕ್ರವನ್ನು ಆ ಗಂಟಿನ ಮೇಲೇ ಇಟ್ಟಿದ್ದಳು.